ಎಪಿಪಿ ಆಗಿ ಮೊದಲ ವರ್ಷ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತೀರಿ

"ಸರ್, ಎಪಿಪಿ ಆಗಿ ಆರ್ಡರ್ ಬಂತು. ಮುಂದಿನ ವಾರ ಚಾರ್ಜ್ ತಗೋಬೇಕು. ಏನು ಓದಿಕೊಂಡು ಹೋಗಲಿ?" ಈ ಪ್ರಶ್ನೆ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇದು ಕರ್ನಾಟಕದ ಮ್ಯಾಜಿಸ್ಟ್ರೇಟ್ ಕೋರ್ಟುಗಳಿಗೆ ಹೊಸದಾಗಿ ಹೋಗುವವರಿಗೆ. ಎಪಿಪಿ ಎಂದರೆ ಸಹಾಯಕ ಸರ್ಕಾರಿ ಅಭಿಯೋಜಕರು. ಪೊಲೀಸರು ಚಾರ್ಜ್‌ಶೀಟ್ ಹಾಕಿದ ಕೇಸುಗಳನ್ನು ಸರ್ಕಾರದ ಪರವಾಗಿ ನಡೆಸುವವರು. ಅಭಿಯೋಗ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆಗೆ ಸೇರಿದ ಹುದ್ದೆ. ಮುಂದೆ ಹಿರಿಯ ಎಪಿಪಿ, ಆಮೇಲೆ ಸೆಷನ್ಸ್ ಕೋರ್ಟಿನಲ್ಲಿ ಸರ್ಕಾರಿ ಅಭಿಯೋಜಕರು, ಹೀಗೆ ಮೇಲೆ ಹೋಗುವ ದಾರಿ ಇದೆ. ಚೆಕ್ ಬೌನ್ಸ್‌ನಂಥ ಖಾಸಗಿ ದೂರುಗಳನ್ನು ದೂರುದಾರರ ವಕೀಲರೇ ನಡೆಸುತ್ತಾರೆ, ಅದು ನಿಮ್ಮ ತಲೆನೋವಲ್ಲ.

ಶುರು ಮಾಡುವ ಮುಂಚೆ ಒಂದು ಮಾತು. ನೀವು ಪೊಲೀಸರ ವಕೀಲರಲ್ಲ. ಫಿರ್ಯಾದಿಯ ವಕೀಲರೂ ಅಲ್ಲ. ಏನಾದರೂ ಮಾಡಿ ಶಿಕ್ಷೆ ಕೊಡಿಸಲೇಬೇಕೆಂಬ ಹಟ ಅಭಿಯೋಜಕರಿಗೆ ಇರಬಾರದು ಎಂದು ಸುಪ್ರೀಂ ಕೋರ್ಟ್ 1999ರಲ್ಲೇ, ಶಿವ ಕುಮಾರ್ ವಿರುದ್ಧ ಹುಕುಂ ಚಂದ್ ಕೇಸಿನಲ್ಲಿ ಹೇಳಿದೆ. ಆರೋಪಿಗೆ ಅನುಕೂಲವಾಗುವ ದಾಖಲೆ ಫೈಲಿನಲ್ಲಿದ್ದರೆ ಅದನ್ನು ಮುಚ್ಚಿಡುವ ಹಕ್ಕು ನಿಮಗಿಲ್ಲ. ಕೆಳಗೆ ಹೇಳುವ ಅರ್ಧಕ್ಕರ್ಧ ವಿಷಯ ಇದನ್ನೇ ಹಿಡಿದು ನಡೆಯುತ್ತದೆ.

1. ಚಾರ್ಜ್ ತಗೊಳ್ಳುವ ದಿನ

ಮೊದಲ ದಿನವೇ ವಾದ ಮಾಡಲು ಎದ್ದು ನಿಲ್ಲುವ ಆತುರ ಬೇಡ. ಬೆಂಚ್ ಕ್ಲರ್ಕ್ ಹತ್ತಿರ ಕೂತು ಮುಂದಿನ ಒಂದು ತಿಂಗಳ ಕೇಸುಗಳ ಪಟ್ಟಿ ತಗೊಳ್ಳಿ. ಅದರಲ್ಲಿ ಮೂರು ಬಗೆಯ ಕೇಸುಗಳಿಗೆ ಗುರುತು ಹಾಕಿ: ಆರೋಪಿ ಜೈಲಿನಲ್ಲಿರುವವು, ಸಾಕ್ಷಿ ವಿಚಾರಣೆ ಅರ್ಧಕ್ಕೆ ನಿಂತಿರುವವು, ತುಂಬ ಹಳೆಯವು. ಬಾಕಿ ಎಲ್ಲ ಆಮೇಲೆ.

ಆ ಮೇಲೆ ಕೋರ್ಟ್ ಡ್ಯೂಟಿಯ ಪೊಲೀಸರನ್ನು ಪರಿಚಯ ಮಾಡಿಕೊಳ್ಳಿ. ಪ್ರತಿ ಠಾಣೆಗೂ ಒಬ್ಬ ಕೋರ್ಟ್ ಪಿಸಿ, ಅಂದರೆ ಕೋರ್ಟ್ ಕೆಲಸ ನೋಡುವ ಕಾನ್‌ಸ್ಟೇಬಲ್, ಇರುತ್ತಾರೆ. ಸಮನ್ಸ್ ಯಾರಿಗೆ ಜಾರಿಯಾಯ್ತು, ಸಾಕ್ಷಿ ಊರು ಬಿಟ್ಟಿದ್ದಾರಾ, ಮುದ್ದೆಮಾಲು ಎಲ್ಲಿದೆ, ಎಲ್ಲವೂ ಅವರಿಗೆ ಗೊತ್ತು. ಮುದ್ದೆಮಾಲು ಅಂದರೆ ಕೇಸಿನಲ್ಲಿ ಜಪ್ತಿ ಮಾಡಿದ ವಸ್ತು: ದೊಣ್ಣೆ, ಬೈಕು, ಕದ್ದ ಸರ, ಯಾವುದಾದರೂ ಆಗಬಹುದು. ಕೋರ್ಟ್ ಪಿಸಿಗಳ ಜೊತೆ ಮರ್ಯಾದೆಯಿಂದ ನಡೆದುಕೊಳ್ಳಿ. ಹೊಸ ಎಪಿಪಿಗಳು ಜಾಸ್ತಿ ಕಲಿಯುವುದು ಇವರಿಂದಲೇ, ಒಪ್ಪಿಕೊಳ್ಳುವವರು ಕಡಿಮೆ ಅಷ್ಟೆ.

2. ಎರಡು ಕಾಲದ ಕಾನೂನು ಮೇಜಿನ ಮೇಲಿರಲಿ

2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿವೆ. ಕೋರ್ಟುಗಳಲ್ಲಿ ಇವನ್ನು ಬಿಎನ್‌ಎಸ್, ಬಿಎನ್‌ಎಸ್‌ಎಸ್, ಬಿಎಸ್‌ಎ ಅಂತಲೇ ಕರೆಯುತ್ತಾರೆ. ಹಾಗಂತ ಹಳೆಯ ಐಪಿಸಿ, ಸಿಆರ್‌ಪಿಸಿ ಪುಸ್ತಕ ಅಟ್ಟಕ್ಕೆ ಹಾಕಬೇಡಿ. ನಿಮ್ಮ ಕೈಗೆ ಬರುವ ಹಳೆಯ ಕೇಸುಗಳೆಲ್ಲ ಅದರಲ್ಲೇ ಇವೆ.

ನಿಯಮ ಸುಲಭ. ಅಪರಾಧ ನಡೆದ ದಿನ ನೋಡಿ. ಅದು ಜುಲೈ 1ಕ್ಕೆ ಮುಂಚಿನದಾದರೆ ಅಪರಾಧದ ಕಲಂ ಐಪಿಸಿಯದ್ದೇ. ಆ ದಿನಕ್ಕೆ ತನಿಖೆ ಅಥವಾ ವಿಚಾರಣೆ ನಡೆಯುತ್ತಿದ್ದರೆ ಅದು ಸಿಆರ್‌ಪಿಸಿಯಲ್ಲೇ ಮುಂದುವರಿಯುತ್ತದೆ. ಘಟನೆ ಮುಂಚಿನದು, ದೂರು ಆಮೇಲೆ ಬಂತು ಅಂದರೆ ಅಪರಾಧ ಐಪಿಸಿಯಲ್ಲಿ, ತನಿಖೆಯ ದಾರಿ ಬಿಎನ್‌ಎಸ್‌ಎಸ್‌ನಲ್ಲಿ.

ಎಡವುವ ಜಾಗ: ಗಂಡನ ಮನೆಯ ಕಿರುಕುಳದ ಕೇಸುಗಳು. ಕಿರುಕುಳ 2023ರಲ್ಲಿ ಶುರುವಾಗಿ 2025ರವರೆಗೂ ನಡೆದಿರುತ್ತದೆ. ಪೊಲೀಸರು ಬಿಎನ್‌ಎಸ್‌ನ ಹೊಸ ಕಲಂ 85 ಒಂದನ್ನೇ ಹಾಕಿ ಕೈತೊಳೆದುಕೊಂಡಿರುತ್ತಾರೆ, ಐಪಿಸಿಯ ಹಳೆಯ 498ಎ ಬಿಟ್ಟುಹೋಗಿರುತ್ತದೆ. ದೋಷಾರೋಪಣೆ ಹೊರಿಸುವ ಮುಂಚೆಯೇ ಇದನ್ನು ನೋಡಿ.

ದಿನಾ ಬೇಕಾಗುವ ಕೆಲವು ನಂಬರುಗಳನ್ನು ಒಂದು ರಟ್ಟಿನ ಮೇಲೆ ಬರೆದು ಅಂಟಿಸಿಕೊಳ್ಳಿ. ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆ ಹಳೆಯ ಸಿಆರ್‌ಪಿಸಿಯಲ್ಲಿ 161, ಈಗ ಬಿಎನ್‌ಎಸ್‌ಎಸ್‌ನಲ್ಲಿ 180. ಮ್ಯಾಜಿಸ್ಟ್ರೇಟ್ ಮುಂದಿನ ಹೇಳಿಕೆ 164 ಇದ್ದದ್ದು 183. ಅಂತಿಮ ವರದಿ 173 ಇದ್ದದ್ದು 193. ಆರೋಪಿ ಹೇಳಿಕೆ 313 ಇದ್ದದ್ದು 351. ವಕೀಲರು ಇನ್ನೂ ಹಳೆಯ ನಂಬರಿನಲ್ಲೇ ಮಾತಾಡುತ್ತಾರೆ. ನೀವೂ ಮಾತಾಡಿ, ಆದರೆ ಅರ್ಜಿಯಲ್ಲಿ ಸರಿಯಾದದ್ದು ಬರೆಯಿರಿ.

3. ಚಾರ್ಜ್‌ಶೀಟ್ ಪರಿಶೀಲನೆ

ಕರಡು ಚಾರ್ಜ್‌ಶೀಟ್ ನಿಮ್ಮ ಮೇಜಿಗೆ ಬಂದಾಗ "ನೋಡಿದೆ, ಸರಿ ಇದೆ" ಎಂದು ಸಹಿ ಹಾಕಿ ಕಳಿಸುವುದು ತುಂಬ ಸುಲಭ. ಒಂದೂವರೆ ವರ್ಷದ ನಂತರ ಅದೇ ಕೇಸು ನಿಮ್ಮ ಮುಂದೆ ವಿಚಾರಣೆಗೆ ಬರುತ್ತದೆ. ಆಗ ಬೈದುಕೊಳ್ಳಲು ಬೇರೆ ಯಾರೂ ಸಿಗುವುದಿಲ್ಲ.

ಇಲ್ಲಿ ನಿಮ್ಮದು ಸಲಹೆ ಮಾತ್ರ. ತನಿಖೆ ಪೊಲೀಸರ ಕೆಲಸ. ಅಭಿಯೋಜಕರ ಅಭಿಪ್ರಾಯದಂತೆ ವರದಿ ಬದಲಿಸಿ ಎಂದು ತನಿಖಾಧಿಕಾರಿಯ ಮೇಲೆ ಹೇರಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಆರ್. ಸರಳಾ ಕೇಸಿನಲ್ಲಿ ಹೇಳಿದೆ. ಆದರೆ ಕೊರತೆ ಏನೆಂದು ಬರೆದು ಕೊಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಬಾಯಲ್ಲಿ ಹೇಳಬೇಡಿ, ಬರೆದೇ ಕೊಡಿ. ಪ್ರತಿ ಇಟ್ಟುಕೊಳ್ಳಿ.

ನಾನು ನೋಡುವ ಕ್ರಮ ಹೀಗಿದೆ.

ಮೊದಲು ಕಾಲಮಿತಿ. ಬರೀ ದಂಡದ ಅಪರಾಧಕ್ಕೆ 6 ತಿಂಗಳು, ಒಂದು ವರ್ಷದವರೆಗೆ ಶಿಕ್ಷೆ ಇರುವುದಕ್ಕೆ 1 ವರ್ಷ, ಒಂದರಿಂದ ಮೂರು ವರ್ಷದವರೆಗಿನದಕ್ಕೆ 3 ವರ್ಷ. ಅದು ದಾಟಿದ್ದರೆ, ವಿಳಂಬವನ್ನು ಮನ್ನಿಸದ ಹೊರತು, ಕೋರ್ಟ್ ಕೇಸನ್ನು ತಗೊಳ್ಳುವಂತಿಲ್ಲ. ಬಿಎನ್‌ಎಸ್‌ಎಸ್ ಕಲಂ 514ರ ವಿವರಣೆಯ ಪ್ರಕಾರ ಎಣಿಕೆಗೆ ದೂರು ದಾಖಲಾದ ದಿನ ಮುಖ್ಯ. ಚಾರ್ಜ್‌ಶೀಟ್ ಹಾಕಿದ ದಿನ ಅಲ್ಲ.

ಎರಡನೆಯದು, ಅಸಂಜ್ಞೇಯ ಅಪರಾಧವಾ ಅನ್ನುವುದು. ಅಂದರೆ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧ. ಕರ್ನಾಟಕ ಪೊಲೀಸ್ ಕಾಯ್ದೆಯ ಮಟ್ಕಾ ಕೇಸುಗಳು ಇಲ್ಲೇ ಬಿದ್ದುಹೋಗುವುದು. ಮನವಿಯ ಮೇಲೆ ಸುಮ್ನೆ "ಅನುಮತಿಸಿದೆ" ಎಂದು ಬರೆದ ಕೇಸುಗಳನ್ನು ಕರ್ನಾಟಕ ಹೈಕೋರ್ಟ್ ಮತ್ತೆ ಮತ್ತೆ ರದ್ದು ಮಾಡಿದೆ. ಅನುಮತಿಯ ಆದೇಶ ಫೈಲಿನಲ್ಲಿದೆಯಾ, ಅದಕ್ಕೆ ಕಾರಣ ಬರೆದಿದ್ದಾರಾ ನೋಡಿ.

ಮೂರನೆಯದು, ಅಪರಾಧದ ಒಂದೊಂದು ಅಂಶಕ್ಕೂ ಯಾರು ಸಾಕ್ಷಿ? ಒಂದು ಹಾಳೆಯ ಎಡಕ್ಕೆ ಅಂಶಗಳು, ಬಲಕ್ಕೆ ಸಾಕ್ಷಿಯ ನಂಬರು. ಬಲಗಡೆ ಎಲ್ಲಿ ಖಾಲಿ ಇದೆಯೋ ಅದೇ ನಿಮ್ಮ ಆಕ್ಷೇಪ.

ಅಪಘಾತದ ಕೇಸನ್ನೇ ತಗೊಳ್ಳಿ, ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಇವು ದಂಡಿಯಾಗಿ ಬರುತ್ತವೆ. ಗಾಯದ ಪ್ರಮಾಣಪತ್ರ ಇರುತ್ತದೆ, ಸ್ಥಳದ ನಕ್ಷೆ ಇರುತ್ತದೆ, ಮೋಟಾರು ವಾಹನ ನಿರೀಕ್ಷಕರ ವರದಿಯೂ ಇರುತ್ತದೆ. ಆದರೆ ಗಾಡಿ ಓಡಿಸುತ್ತಿದ್ದದ್ದು ಇವನೇ ಎಂದು ಹೇಳುವವರು ಯಾರು? ಸಾಕ್ಷಿಗಳೆಲ್ಲ "ಲಾರಿಯ ಚಾಲಕ" ಅಂತಾರೆ, ಮುಖ ನೋಡಿದವರು ಒಬ್ಬರೂ ಇರುವುದಿಲ್ಲ. ಇದಕ್ಕಾಗಿಯೇ ಮೋಟಾರು ವಾಹನ ಕಾಯ್ದೆಯ ಕಲಂ 133ರ ನೋಟಿಸು ಇರುವುದು. ಆ ದಿನ ಗಾಡಿ ಯಾರ ಕೈಯಲ್ಲಿತ್ತು ಎಂದು ಮಾಲೀಕರು ಅದಕ್ಕೆ ಉತ್ತರ ಕೊಡಬೇಕು. ನೋಟಿಸು, ಉತ್ತರ, ಮಾಲೀಕರ ಹೇಳಿಕೆ, ಮೂರೂ ಇವೆಯಾ ನೋಡಿ. ಮಾಲೀಕರ ಹೆಸರೇ ಸಾಕ್ಷಿ ಪಟ್ಟಿಯಲ್ಲಿ ಇಲ್ಲದ ಚಾರ್ಜ್‌ಶೀಟುಗಳನ್ನು ಎಷ್ಟೋ ನೋಡಿದ್ದೇನೆ.

ಹೊಡೆದಾಟದ ಕೇಸಾದರೆ ಆಯುಧ. ಬಿಎನ್‌ಎಸ್ ಕಲಂ 118(1), ಐಪಿಸಿಯ ಹಳೆಯ 324, ಹಾಕಿದ್ದಾರೆ ಅಂದರೆ ಆಯುಧ ಜಪ್ತಿಯಾಗಿರಬೇಕು. ಈ ಆಯುಧದಿಂದ ಈ ಗಾಯ ಆಗಬಹುದಾ ಎಂದು ವೈದ್ಯರ ಅಭಿಪ್ರಾಯವನ್ನೂ ಕೇಳಿರಬೇಕು.

ಇನ್ನೊಂದು ಸಣ್ಣದು: ಪೊಲೀಸರು ಬರೆದುಕೊಂಡ ಸಾಕ್ಷಿ ಹೇಳಿಕೆಗೆ ಸಾಕ್ಷಿಯ ಸಹಿ ಇರಬಾರದು. ಕೆಲವು ಠಾಣೆಗಳಲ್ಲಿ ಅಭ್ಯಾಸಬಲದಿಂದ ಹಾಕಿಸಿಬಿಡುತ್ತಾರೆ.

4. ರಿಮ್ಯಾಂಡ್ ಮತ್ತು ಜಾಮೀನು

ಬಂಧಿಸಿದವರನ್ನು ಕರೆತಂದಾಗ ಪೊಲೀಸರು ಕೊಟ್ಟ ರಿಮ್ಯಾಂಡ್ ಅರ್ಜಿಯನ್ನು, ಅಂದರೆ ಆರೋಪಿಯನ್ನು ಕಸ್ಟಡಿಗೆ ಕಳಿಸಿ ಎಂಬ ಅರ್ಜಿಯನ್ನು, ಹಾಗೇ ಓದಿ ಹೇಳಬೇಡಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ಬಂಧನ ಯಾಕೆ ಬೇಕಾಯ್ತು ಎಂಬ ಕಾರಣಗಳನ್ನು ಕೇಳಿ ಪಡೆಯಿರಿ. 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ ಇದು ಕಡ್ಡಾಯ. ಬಂಧನದ ಆಧಾರಗಳನ್ನು ಬರವಣಿಗೆಯಲ್ಲಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಕೊಟ್ಟಿದ್ದಾರಾ? ರಿಮ್ಯಾಂಡಿಗೆ ಹಾಜರುಪಡಿಸುವ ಎರಡು ಗಂಟೆ ಮುಂಚೆಯಾದರೂ ಅದು ಅವರ ಕೈಸೇರಬೇಕು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಇಲ್ಲಿ ತಪ್ಪಿದರೆ ಒಳ್ಳೆಯ ಕೇಸಿನಲ್ಲೂ ಬಂಧನವೇ ಅಕ್ರಮ ಅನಿಸಿಕೊಳ್ಳುತ್ತದೆ.

ದಿನ ಎಣಿಸುವುದನ್ನು ಪೊಲೀಸರಿಗೇ ಬಿಡಬೇಡಿ. 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗುತ್ತದೆ. ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಕ್ಕೆ 90, ಉಳಿದವಕ್ಕೆ 60. ಮೊದಲು ರಿಮ್ಯಾಂಡ್ ಆದ ದಿನವನ್ನೂ ಲೆಕ್ಕಕ್ಕೆ ಸೇರಿಸಬೇಕು, 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಚಿತ ಮಾಡಿದೆ. ನಿಮ್ಮ ಕ್ಯಾಲೆಂಡರಿನಲ್ಲಿ 50ನೇ ದಿನಕ್ಕೇ ಗುರುತು ಹಾಕಿ ಠಾಣೆಗೆ ಪತ್ರ ಕಳಿಸಿ.

ಜಾಮೀನಿಗೆ ತಕರಾರು ಬರೆಯುವಾಗ "ಸಾಕ್ಷಿಗಳನ್ನು ಹೆದರಿಸುವ ಸಾಧ್ಯತೆ ಇದೆ, ತಲೆಮರೆಸಿಕೊಳ್ಳುವ ಸಾಧ್ಯತೆ ಇದೆ" ಎಂಬ ಅದೇ ನಾಲ್ಕು ಸಾಲು ಎಲ್ಲ ಕೇಸಿಗೂ ಹಾಕುವವರಿದ್ದಾರೆ. ನ್ಯಾಯಾಧೀಶರು ಅದನ್ನು ಓದುವುದನ್ನೇ ಬಿಟ್ಟಿರುತ್ತಾರೆ. ಈ ಆರೋಪಿ ಈ ಸಾಕ್ಷಿಯ ಪಕ್ಕದ ಮನೆಯವನು ಅನ್ನುವ ಒಂದು ಸಾಲು ಅದಕ್ಕಿಂತ ಎಷ್ಟೋ ವಾಸಿ. ಹೇಳುವಂಥದ್ದು ಏನೂ ಇಲ್ಲದಿದ್ದರೆ "ಷರತ್ತುಗಳ ಮೇಲೆ ಆದೇಶಿಸಬಹುದು" ಎನ್ನಿ. ಅದರಿಂದ ನಿಮ್ಮ ಬೆಲೆ ಕಡಿಮೆಯಾಗುವುದಿಲ್ಲ. ಮುಂದೆ ನೀವು ಗಟ್ಟಿಯಾಗಿ ವಿರೋಧಿಸಿದ ದಿನ ನಿಮ್ಮ ಮಾತಿಗೆ ತೂಕ ಬರುತ್ತದೆ.

5. ಹಿಂದಿನ ಸಂಜೆ

ನಾಳೆ ಸಾಕ್ಷಿ ಇರುವ ಫೈಲನ್ನು ಇವತ್ತು ಸಂಜೆ ಓದಬೇಕು. ಬೆಳಿಗ್ಗೆ ಆಗುವುದಿಲ್ಲ. ಪ್ರತಿ ಕೇಸಿಗೂ ಒಂದೇ ಒಂದು ಹಾಳೆ ಮಾಡಿ: ಯಾವ ಸಾಕ್ಷಿ, ಅವರಿಂದ ಯಾವ ಅಂಶ ಬರಬೇಕು, ಯಾವ ದಾಖಲೆ ಗುರುತಿಸಬೇಕು (ಅಂದರೆ ನಿಶಾನೆ ನಂಬರು ಹಾಕಿಸಿ ಕೋರ್ಟ್ ದಾಖಲೆಗೆ ಸೇರಿಸಬೇಕು), ಮುದ್ದೆಮಾಲು ಬೇಕಾ.

ಈ ಕೊನೆಯದನ್ನು ಬರೆಯಲು ಕಾರಣವಿದೆ. ಕೆಲಸಕ್ಕೆ ಸೇರಿದ ಮೂರನೇ ತಿಂಗಳಲ್ಲಿ ಒಬ್ಬ ಪಂಚರನ್ನು ಸಾಕ್ಷಿಕಟ್ಟೆಗೆ ಹತ್ತಿಸಿದೆ. ಪಂಚರು ಅಂದರೆ ಜಪ್ತಿಯ ವೇಳೆ ಹಾಜರಿದ್ದು ಮಹಜರಿಗೆ (ಜಪ್ತಿಯ ವಿವರ ಬರೆದ ಪತ್ರಕ್ಕೆ) ಸಹಿ ಹಾಕಿದವರು. ವಸ್ತು ತೋರಿಸಿ ಅಂದಾಗ ಮುದ್ದೆಮಾಲು ತರಿಸಿಯೇ ಇರಲಿಲ್ಲ. ಕೇಸು ಮುಂದಕ್ಕೆ ಹೋಯಿತು. ಕೂಲಿ ಬಿಟ್ಟು ಬಂದಿದ್ದ ಆ ಮನುಷ್ಯ ಮುಂದಿನ ಸಲ ಬಂದು "ನನಗೇನೂ ಗೊತ್ತಿಲ್ಲ, ಠಾಣೆಯಲ್ಲಿ ಸಹಿ ಹಾಕಿಸಿಕೊಂಡರು" ಅಂದ. ತಪ್ಪು ಅವನದಲ್ಲ.

6. ಸಾಕ್ಷಿ

ಇದೇ ಮುಖ್ಯ ಕೆಲಸ. ಉಳಿದದ್ದೆಲ್ಲ ಇದಕ್ಕೆ ತಯಾರಿ.

ಸಾಕ್ಷಿ ಹೇಳುವ ಮುಂಚೆ ಅವರ ಜೊತೆ ನೀವೇ ಮಾತಾಡಿ. ಕೋರ್ಟಿನ ಪಡಸಾಲೆಯಲ್ಲಿ ಐದು ನಿಮಿಷ ಸಾಕು. ಎಲ್ಲಿ ನಿಲ್ಲಬೇಕು, ಯಾರು ಏನು ಕೇಳುತ್ತಾರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬಹುದು, ಇಷ್ಟು ಹೇಳಿ. ಬಹಳ ಜನ ಮೊದಲ ಸಲ ಕೋರ್ಟ್ ನೋಡುತ್ತಿರುತ್ತಾರೆ. ಏನಾಯ್ತು ಎಂದು ಅವರ ಬಾಯಲ್ಲೇ ಕೇಳಿಸಿಕೊಳ್ಳಿ. ಹೀಗೇ ಹೇಳಿ ಎಂದು ಹೇಳಿಕೊಡಬೇಡಿ. ಸಮವಸ್ತ್ರದ ಪೊಲೀಸರು ಸಾಕ್ಷಿಯ ಪಕ್ಕ ನಿಂತು ಹೇಳಿಕೆ ಓದಿಸುತ್ತಿದ್ದರೆ ಅಲ್ಲೇ ನಿಲ್ಲಿಸಿ. ಎದುರು ವಕೀಲರು ಅದನ್ನು ನೋಡುತ್ತಲೇ ಇರುತ್ತಾರೆ, ಪಾಟೀ ಸವಾಲಿನಲ್ಲಿ, ಅಂದರೆ ಅವರು ಸಾಕ್ಷಿಯನ್ನು ಪ್ರಶ್ನಿಸುವಾಗ, ಅದೇ ಮೊದಲ ಪ್ರಶ್ನೆ.

ನೀವು ಮೊದಲು ಕೇಳುವುದು ಮುಖ್ಯ ವಿಚಾರಣೆ. ಅದರಲ್ಲಿ ಉತ್ತರವನ್ನೇ ಹುದುಗಿಸಿಟ್ಟ ಸೂಚಕ ಪ್ರಶ್ನೆ ಕೇಳುವಂತಿಲ್ಲ. "ಇವನೇ ಅಲ್ವಾ ದೊಣ್ಣೆಯಿಂದ ಹೊಡೆದದ್ದು?" ಎಂದರೆ ತಕ್ಷಣ ಆಕ್ಷೇಪಣೆ ಬರುತ್ತದೆ. "ಆಮೇಲೆ ಏನಾಯ್ತು? ಯಾರು? ಯಾವುದರಿಂದ? ಎಲ್ಲಿಗೆ ಪೆಟ್ಟು ಬಿತ್ತು?" ಇಷ್ಟೇ ಸಾಕು. "ಆರೋಪಿತನು ಯಾವ ಉದ್ದೇಶದಿಂದ ನಿಮ್ಮ ಮೇಲೆ ಹಲ್ಲೆಗೈದನು" ಎಂಬ ಚಾರ್ಜ್‌ಶೀಟ್ ಕನ್ನಡ ಬೇಡ. ಹೊಲದಿಂದ ಎದ್ದು ಬಂದ ಅಜ್ಜಿಗೆ ಅದು ಅರ್ಥವಾಗುವುದಿಲ್ಲ. ಅವರು ಸುಮ್ಮನಾದರೆ ದಾಖಲೆಯಲ್ಲಿ ಉತ್ತರವೇ ಇರುವುದಿಲ್ಲ. "ಯಾಕೆ ಹೊಡೆದ?" ಅಂತ ಕೇಳಿ. ಆ ಊರಿನಲ್ಲಿ ಯಾವ ಮಾತು ಆಡುತ್ತಾರೋ ಅದರಲ್ಲೇ ಕೇಳಿ. ಧಾರವಾಡದ ಕಡೆಯವರು ಮಂಡ್ಯಕ್ಕೆ ಹೋದರೆ, ಮಂಡ್ಯದವರು ಬೀದರಿಗೆ ಹೋದರೆ, ಮೊದಲ ಮೂರು ತಿಂಗಳು ಕಿವಿ ಕೊಟ್ಟು ಕೇಳುವುದೇ ಒಂದು ಕೆಲಸ.

ಅಪಘಾತದ ಸಾಕ್ಷಿ "ಅತಿವೇಗವಾಗಿ ಬಂದ" ಅಂದರೆ ಅಲ್ಲಿಗೇ ಬಿಡಬೇಡಿ. ಬರೀ ವೇಗ ಅಂದ ಮಾತ್ರಕ್ಕೆ ನಿರ್ಲಕ್ಷ್ಯ ರುಜುವಾತಾಗುವುದಿಲ್ಲ ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮದೇ ರಾಜ್ಯದ ಸತೀಶ್ ಕೇಸಿನಲ್ಲಿ. ರಸ್ತೆ ಎಷ್ಟು ಅಗಲ, ತಿರುವು ಇತ್ತಾ, ಗಾಡಿ ಯಾವ ಬದಿಯಲ್ಲಿ ಬಂತು, ಪಾದಚಾರಿ ಎಲ್ಲಿ ನಿಂತಿದ್ದರು, ಬ್ರೇಕಿನ ಗುರುತು ಎಲ್ಲಿಂದ ಎಲ್ಲಿಯವರೆಗೆ. ಚಿತ್ರ ಕಟ್ಟಿಕೊಡುವ ಹಾಗೆ ಕೇಳಿ.

ಈಗ ಎಲ್ಲರೂ ಹೆದರುವ ವಿಷಯ: ಸಾಕ್ಷಿ ಉಲ್ಟಾ ಹೊಡೆಯುವುದು. ಕೋರ್ಟ್ ಭಾಷೆಯಲ್ಲಿ ಪ್ರತಿಕೂಲ ಸಾಕ್ಷಿ, ಎಲ್ಲರ ಬಾಯಲ್ಲಿ ಹಾಸ್ಟೈಲ್. ಗಾಬರಿ ಬೇಡ, ಸಿಟ್ಟು ಅಂತೂ ಬೇಡವೇ ಬೇಡ. ಸಾಕ್ಷ್ಯ ಅಧಿನಿಯಮದ ಕಲಂ 157ರಡಿ ಅನುಮತಿ ಕೇಳಿ ನೀವೇ ಪಾಟೀ ಸವಾಲು ಮಾಡಬಹುದು. ಆಗ ಸೂಚಕ ಪ್ರಶ್ನೆಗೂ ಅವಕಾಶವಿದೆ.

ಹೊಸಬರು ತಪ್ಪುವುದು ಇಲ್ಲಿ. "ಪೊಲೀಸರ ಮುಂದೆ ಹೇಳಿಕೆ ಕೊಟ್ಟಿದ್ದೀರಿ ಅಂದರೆ ಸರಿಯೇ?" "ಸರಿಯಲ್ಲ." ಪೂರ್ತಿ ಹೇಳಿಕೆಗೆ ಒಂದು ನಿಶಾನೆ, ಮುಗೀತು. ಹಾಗಲ್ಲ. ಯಾವ ವಾಕ್ಯ ಈಗಿನ ಮಾತಿಗೆ ವಿರುದ್ಧವಾಗಿದೆಯೋ ಅದನ್ನು ಮಾತ್ರ ಓದಿ ಹೇಳಿ, ಅವರು ಅಲ್ಲಗಳೆದರೆ ಆ ಭಾಗವನ್ನಷ್ಟೇ ಗುರುತಿಸಿ. ಆಮೇಲೆ ತನಿಖಾಧಿಕಾರಿ ಬಂದಾಗ "ಈ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದರಾ?" ಎಂದು ಕೇಳಿ ಅದನ್ನು ಸಾಬೀತು ಮಾಡಬೇಕು. ಈ ಎರಡನೇ ಹೆಜ್ಜೆ ಮರೆತರೆ ಮೊದಲನೆಯದು ವ್ಯರ್ಥ. 2015ರ ವಿ.ಕೆ. ಮಿಶ್ರಾ ತೀರ್ಪಿನಲ್ಲಿ ಈ ಕ್ರಮ ಬಿಡಿಸಿ ಬರೆದಿದೆ, ಒಮ್ಮೆ ಓದಿ. ಸಾಬೀತಾದ ಮೇಲೂ ಆ ಹೇಳಿಕೆ ತಾನೇ ಸಾಕ್ಷ್ಯವಾಗುವುದಿಲ್ಲ, ಸಾಕ್ಷಿಯ ಮಾತು ಬದಲಾಗಿದೆ ಎಂದು ತೋರಿಸಲು ಮಾತ್ರ ಬರುತ್ತದೆ.

ಸಾಕ್ಷಿ ಪೂರ್ತಿ ಉಲ್ಟಾ ಹೊಡೆಯುವುದು ಕಡಿಮೆ. "ಜಗಳ ಆಗಿದ್ದು ನಿಜ, ನನಗೆ ಗಾಯ ಆಗಿದ್ದು ನಿಜ, ಯಾರು ಹೊಡೆದರೋ ನೋಡಲಿಲ್ಲ" ಅನ್ನುವವರೇ ಜಾಸ್ತಿ. ಆ ಎರಡು "ನಿಜ" ಉಪಯೋಗಕ್ಕೆ ಬರುತ್ತವೆ. ಪ್ರತಿಕೂಲ ಸಾಕ್ಷಿಯ ಮಾತೆಲ್ಲ ಅಳಿಸಿಹೋಗುವುದಿಲ್ಲ, ನಂಬುವಂತಿರುವ ಭಾಗವನ್ನು ಕೋರ್ಟ್ ತಗೊಳ್ಳಬಹುದು.

ರಾಜಿಯಾಗಿ ಉಲ್ಟಾ ಹೊಡೆದವರ ಬಗ್ಗೆ ಒಂದು ಮಾತು. ಅಕ್ಕಪಕ್ಕದ ಹೊಲದವರು, ಜೀವನ ಪೂರ್ತಿ ಮುಖ ನೋಡಿಕೊಂಡು ಇರಬೇಕಾದವರು. ರಾಜಿಗೆ ಅವಕಾಶ ಇರುವ ಕಲಂ ಆದರೆ ಬಿಎನ್‌ಎಸ್‌ಎಸ್ 359ರಡಿ ನೇರವಾಗಿ ರಾಜಿ ಅರ್ಜಿ ಹಾಕಿಸಿ. ಸುಳ್ಳು ಹೇಳಿಸುವುದಕ್ಕಿಂತ ಅದು ಚೊಕ್ಕ. 118(1) ಸೇರಿಕೊಂಡಿದ್ದರೆ ಮಾತ್ರ ಈ ದಾರಿ ಇಲ್ಲ.

7. ಫೋನು, ಪೆನ್‌ಡ್ರೈವ್, ವಿಡಿಯೊ

ಈಗ ಶೋಧನೆ, ಜಪ್ತಿಗಳನ್ನು ವಿಡಿಯೊ ಮಾಡಬೇಕು ಎಂದು ಬಿಎನ್‌ಎಸ್‌ಎಸ್ ಕಲಂ 105 ಹೇಳುತ್ತದೆ. ಸಿಸಿಟಿವಿ ದೃಶ್ಯಗಳಂತೂ ಇದ್ದೇ ಇರುತ್ತವೆ. ಇವುಗಳ ನಕಲನ್ನು ಗುರುತಿಸಲು ಬಿಎಸ್‌ಎ ಕಲಂ 63(4)ರ ಪ್ರಮಾಣಪತ್ರ ಬೇಕು, ಸಾಕ್ಷ್ಯ ಕಾಯ್ದೆಯ ಹಳೆಯ 65ಬಿ. ಹೊಸದರಲ್ಲಿ ಎರಡು ಭಾಗ ಇವೆ: ಒಂದು ಸಾಧನ ಇಟ್ಟುಕೊಂಡವರದು, ಇನ್ನೊಂದು ತಜ್ಞರದು. ಹ್ಯಾಶ್ ಮೌಲ್ಯವನ್ನೂ ಬರೆದಿರಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದಂತೆ, ಒಂದು ಚುಕ್ಕೆ ಬದಲಾದರೂ ಅದು ಬದಲಾಗುತ್ತದೆ. ಪ್ರಮಾಣಪತ್ರ ಇಲ್ಲದ ಪೆನ್‌ಡ್ರೈವ್ ಚಾರ್ಜ್‌ಶೀಟ್ ಹಂತದಲ್ಲೇ ಕಣ್ಣಿಗೆ ಬೀಳಬೇಕು, ಅಂತಿಮ ವಾದದ ದಿನ ಅಲ್ಲ.

8. ಫೋನ್ ಕರೆಗಳು

ಬರುತ್ತವೆ. ಊರಿನ ದೊಡ್ಡವರಿಂದ, ಕೆಲವೊಮ್ಮೆ ಸಹಪಾಠಿಗಳಿಂದ. "ನಿಮ್ಮ ವಕೀಲರಿಗೆ ಕೋರ್ಟಿನಲ್ಲಿ ಹೇಳಲು ಹೇಳಿ" ಎಂಬ ಒಂದೇ ಉತ್ತರ ಸಾಕು. ಕೇಸು ವಾಪಸ್ ತಗೊಳ್ಳಿ ಎಂದು ಮೇಲಿನಿಂದ ಆದೇಶ ಬಂದರೂ ಬಿಎನ್‌ಎಸ್‌ಎಸ್ ಕಲಂ 360ರಡಿ ಅರ್ಜಿ ಹಾಕುವ ಮುಂಚೆ ನೀವೇ ಫೈಲು ಓದಿ ತೀರ್ಮಾನಿಸಬೇಕು. ಸರ್ಕಾರದ ಪತ್ರಕ್ಕೆ ಅಂಚೆಪೆಟ್ಟಿಗೆಯಾಗಲು ಕಾನೂನು ಹೇಳುವುದಿಲ್ಲ. ಸಂತ್ರಸ್ತರ ಮಾತು ಕೇಳದೆ ಕೋರ್ಟ್ ಒಪ್ಪುವಂತಿಲ್ಲ ಎಂಬುದೂ ಈಗ ಅದೇ ಕಲಂನಲ್ಲಿದೆ.

9. ತೀರ್ಪಿನ ಮೇಲೆ

ಖುಲಾಸೆ ಆದರೆ ಅವತ್ತೇ ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಮೇಲ್ಮನವಿಗೆ ಅರ್ಹವಾ ಇಲ್ಲವಾ ಎಂಬ ಅಭಿಪ್ರಾಯ ಮೇಲಿನ ಕಚೇರಿಗೆ ಹೋಗಬೇಕು, ದಿನಗಳು ಓಡುತ್ತಿರುತ್ತವೆ. ಅಭಿಪ್ರಾಯದಲ್ಲಿ ಸಾಕ್ಷಿಗಳನ್ನೇ ದೂರಬೇಡಿ. ನಿಮ್ಮ ಕಡೆಯಿಂದ ಬಿಟ್ಟುಹೋದದ್ದು ಇದ್ದರೆ ಅದನ್ನೂ ಬರೆಯಿರಿ.

"ಎಪಿಪಿ ಆದರೆ ವಕೀಲಿಕೆಯ ವರ್ಷಗಳು ಹಾಳಾಗ್ತವಾ?" ಅನ್ನುವವರಿಗೆ: ಕೋರ್ಟಿನಲ್ಲಿ ಕೇಸು ನಡೆಸುವ ಅಭಿಯೋಜಕರು ವಕೀಲರಾಗಿಯೇ ಉಳಿಯುತ್ತಾರೆ ಎಂದು ಸುಪ್ರೀಂ ಕೋರ್ಟ್ 2013ರ ದೀಪಕ್ ಅಗರ್ವಾಲ್ ತೀರ್ಪಿನಲ್ಲಿ ಹೇಳಿದೆ. ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ ಬೇಕಾದ ಏಳು ವರ್ಷಕ್ಕೆ ಸಂಬಂಧಿಸಿದ ಕೇಸೇ ಅದು. ಬೇರೆ ಪರೀಕ್ಷೆಗಳಿಗೆ ಆಯಾ ಅಧಿಸೂಚನೆಯನ್ನೇ ನೋಡಿ.

ಇನ್ನು ವರ್ಗಾವಣೆ ಆದಾಗ ಪ್ರತಿ ಕೇಸಿಗೂ ಮಾಡಿಟ್ಟ ಆ ಒಂದೊಂದು ಹಾಳೆಯನ್ನೂ ಆಯಾ ಫೈಲಿನಲ್ಲೇ ಬಿಟ್ಟುಹೋಗಿ. ನಿಮ್ಮ ಜಾಗಕ್ಕೆ ಬರುವವರೂ ಮುಂದಿನ ಸೋಮವಾರ ಸಾಕ್ಷಿ ಹತ್ತಿಸಬೇಕಲ್ಲ.